ಪಡಸಾಲಿಯ ಮೊದಲ ದನಿ

ಪಡಸಾಲಿ ಟಿವಿ ಹೋಗಿ ಪಡಸಾಲೆ ಟಿವಿ ಆದ ದಿನವೇ ರಾಜೇಶ್ವರಿಯ ತಲೆ ಕೆಟ್ಟಿತ್ತು. ಹುಬ್ಬಳ್ಳಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಕೇಬಲ್ ತಂತಿಯಲ್ಲಿ ಬೆಳೆದ ಚಾನೆಲ್ಲು ಅದು. ಬೆಂಗಳೂರಿಗೆ ಹೋಗಿ ಗಾಜಿನ ಕಟ್ಟಡ ಸೇರಿದ ಮೇಲೆ ಅದು ಮೊದಲು ಮಾಡಿದ ಕೆಲಸವೆಂದರೆ ತನ್ನ ಹೆಸರಿನ ಕೊನೆಯ ಅಕ್ಷರ ತಿದ್ದಿಕೊಂಡದ್ದು. ಬೇರೆಯವರ ಮನೆಯಲ್ಲಿ ಪಡಸಾಲೆ ಇದ್ದರೆ ಇರಲಿ, ಹುಬ್ಬಳ್ಳಿಯ ಮನೆಗಳಲ್ಲಿ ಇರುವುದು ಪಡಸಾಲಿ. ಬಂದವರು ಚಪ್ಪಲಿ ಬಿಟ್ಟು ಮೊದಲು ಕೂರುವ ಜಾಗ. ಅದರ ಹೆಸರು ತಿದ್ದಿದವರು ಎಂದೂ ಅದರಲ್ಲಿ ಕೂತವರಲ್ಲ ಎಂದು ಅವಳು ಕಂಡಕಂಡವರಿಗೆಲ್ಲ ಹೇಳಿದಳು. ಒಂದು ಅಕ್ಷರಕ್ಕೆ ಇಷ್ಟು ಸಿಟ್ಟೇ ಎಂದು ಕೇಳಿದವರು ನಕ್ಕರು. ನಕ್ಕರೆ ನಗಲಿ, ಅವಳ ಸಿಟ್ಟೇನೂ ಕಡಿಮೆಯಾಗಲಿಲ್ಲ.

ಆ ಸಿಟ್ಟಿನಲ್ಲಿ ಹುಟ್ಟಿದ್ದೇ ‘ನಮ್ಮ ಪಡಸಾಲಿ’ ಎಂಬ ಜಾಲತಾಣ. ರಾಜೇಶ್ವರಿ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಅವಳ ತಂದೆ ಕುಬೇರಪ್ಪ ಹತ್ತಿ ವ್ಯಾಪಾರಿ. ಸಂಜೆ ಪಡಸಾಲಿ ಟಿವಿಯಲ್ಲಿ ಊರ ಸುದ್ದಿ ಬರುವ ಹೊತ್ತಿಗೆ ಅವರಿನ್ನೂ ಅಂಗಡಿಯಲ್ಲೇ ಇರುತ್ತಿದ್ದರು. ಸುದ್ದಿ ತಪ್ಪಬಾರದೆಂದು ಒಂದು ವಿಸಿಆರ್ ತಂದಿಟ್ಟು, “ಹೊತ್ತಿಗೆ ಸರಿಯಾಗಿ ಗುಂಡಿ ಒತ್ತವಾ” ಎಂದು ಕಾಲೇಜು ಓದುವ ಮಗಳಿಗೆ ಹೇಳಿ ಹೋಗುತ್ತಿದ್ದರು. ಮಗಳು ತಪ್ಪದೆ ಒತ್ತಿದಳು. ಅಪ್ಪ ಬಂದು, ಉಂಡು, ನೋಡದೆಯೇ ಮಲಗಿದರು. ವರ್ಷಗಟ್ಟಲೆ ಇದೇ ನಡೆದು ಅಟ್ಟದ ತುಂಬ ಕ್ಯಾಸೆಟ್ಟುಗಳಾದವು. ಅಪ್ಪ ತೀರಿಕೊಂಡ ಮೇಲೆ ಅವನ್ನು ಗುಜರಿಗೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಟಿವಿ ರಿಪೇರಿ ಅಂಗಡಿಯ ನವಾಜನಿಂದ ಹಳೆಯ ವಿಸಿಆರ್‌ಗೆ ಜೀವ ಬರಿಸಿಕೊಂಡಳು. ಇಬ್ಬರೂ ಸೇರಿ ಬೂಷ್ಟು ಒರೆಸಿ, ಒಂದೊಂದೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಜಾಲತಾಣಕ್ಕೆ ಏರಿಸಿದರು.

ಅದರಲ್ಲಿ ಏನಿತ್ತೆಂದರೆ, ಊರಿತ್ತು. ನಾಳೆ ಯಾವ ಓಣಿಗೆ ನಳದ ನೀರು ಬಿಡುತ್ತಾರೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಯಾವ ಸಾಲಿಯ ಹುಡುಗಿ ಓಟದಲ್ಲಿ ಗೆದ್ದಳು ಎಂಬ ಸುದ್ದಿಗಳು. ನಡುನಡುವೆ ಸೀರೆ ಅಂಗಡಿಯ ಜಾಹೀರಾತು, ಅದರಲ್ಲಿ ನಾಚಿಕೊಂಡು ಕ್ಯಾಮೆರಾ ನೋಡುವ ಅಂಗಡಿಯವನ ಹೆಂಡತಿ. ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ಮಾತ್ರ ಮೊದಲ ಸಂಜೆಯ ಮೊದಲ ತುಣುಕು. ಗೋಡೆಗೆ ಕಟ್ಟಿದ ನೀಲಿ ಪರದೆಯ ಮುಂದೆ ಕೂತ, ಚಾನೆಲ್ಲಿನ ಮೊದಲ ಸುದ್ದಿ ಓದಿದ ನೂರಜಹಾನ, “ನಮಸ್ಕಾರ್ರಿ. ಬರ್ರಿ, ಒಳಗ ಬರ್ರಿ. ಪಡಸಾಲ್ಯಾಗ ಆರಾಮ ಕುಂದರ್ರಿ. ಚಾ ಆತಿಲ್ರಿ?” ಎನ್ನುತ್ತಾಳೆ. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಕೈಯ ಕಾಗದ ಹಾರುತ್ತದೆ. “ಒಂದೀಟ ತಡೀರಿ, ನಿಮ್ಮ ಸುದ್ದಿ ಹಾರಿ ಹೋತು” ಎಂದು ನಗುತ್ತ ಬಗ್ಗಿ ಹೆಕ್ಕಿಕೊಳ್ಳುತ್ತಾಳೆ. ತುಂಬಿದ, ಬೆಚ್ಚಗಿನ ದನಿ. ಆ ದನಿ ಕೇಳಿ ಊರಿನ ಅರ್ಧ ಮಂದಿ ಟಿವಿಗೆ ಉತ್ತರ ಕೊಡುತ್ತಿದ್ದರು. ರಾಜೇಶ್ವರಿಯ ಅಜ್ಜಿಯಂತೂ “ಆತವಾ, ಈಗರ ಕುಡದೆ” ಎಂದೇ ಹೇಳುತ್ತಿದ್ದಳು.

ಆ ದನಿ ಈಗಿಲ್ಲ. ಮೂರು ವರ್ಷದ ಹಿಂದೆ ನೂರಜಹಾನಳ ಗಂಟಲಲ್ಲಿ ಗಡ್ಡೆಯಾಗಿ, ಸತ್ತೂರಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಮಾತಾಡಬೇಕೆಂದರೆ ಕೈಯಳತೆಯ ಒಂದು ಯಂತ್ರವನ್ನು ಕುತ್ತಿಗೆಗೆ ಒತ್ತಿ ಹಿಡಿಯಬೇಕು, ಆಗ ಒಂದೇ ಸಮ ಗುಂಯ್ ಎನ್ನುವ ಸದ್ದಿನೊಳಗಿಂದ ಮಾತು ಬರುತ್ತದೆ. ಮನೆಯವರ ಮುಂದಷ್ಟೇ ಅವಳು ಅದನ್ನು ಬಳಸುತ್ತಿದ್ದಳು. ಪೇಟೆಯಲ್ಲಿ ಒಮ್ಮೆ ಮಕ್ಕಳು ಹೆದರಿ ಓಡಿದ ಮೇಲೆ ಹೊರಗೆ ಬಾಯಿಯನ್ನೇ ತೆರೆದಿರಲಿಲ್ಲ. ಮೊಮ್ಮಗುವಿಗೆ ಅಜ್ಜಿಯ ದನಿ ಎಂದರೆ ‘ನಮ್ಮ ಪಡಸಾಲಿ’ಯ ತುಣುಕೇ. ಮಗಳು ಬುಶ್ರಾ ಅದನ್ನು ಹಾಕಿಯೇ ಕೂಸಿಗೆ ಉಣಿಸುತ್ತಿದ್ದಳು.

ಹೀಗಿರುವಾಗ ಚಾನೆಲ್ಲಿಗೆ ಇಪ್ಪತ್ತೈದು ವರ್ಷ ತುಂಬಿತು. ಅದರ ಹುಬ್ಬಳ್ಳಿ ಕಚೇರಿಯ ಮುಖ್ಯಸ್ಥ ಶಿವಯೋಗೀಶ ಒಂದು ಭಾನುವಾರ ಪೇಢೆಯ ಡಬ್ಬಿ ಹಿಡಿದು ರಾಜೇಶ್ವರಿಯ ಮನೆಗೆ ಬಂದ. ಧಾರವಾಡದಲ್ಲೇ ಹುಟ್ಟಿ ಬೆಳೆದವನು. ಬಂದವನೇ ಕಾಲು ಮಡಚಿ ಕೆಳಗೇ ಕೂತ.

“ಅಕ್ಕಾರ, ನಮ್ಮ ಕಡೆ ಹಳೇದು ಒಂದೂ ಉಳದಿಲ್ರಿ. ಟೇಪಿನ ಮ್ಯಾಲ ಟೇಪ ಹೊಡದು ಎಲ್ಲಾ ಅಳಿಸಿಬಿಟ್ಟಾರ. ಮೊದಲನೇ ದಿನದ್ದು ಜಗತ್ತಿನ್ಯಾಗ ನಿಮ್ಮ ಕಡೆ ಒಂದ ಐತಿ. ಬೆಳ್ಳಿಹಬ್ಬಕ್ಕ ಬೇಕ್ರಿ.”

ಎರಡು ವರ್ಷದ ಹಿಂದೆ ಇದೇ ಚಾನೆಲ್ಲಿನವರು, ನಮ್ಮ ಆಸ್ತಿಯನ್ನು ಅಪ್ಪಣೆಯಿಲ್ಲದೆ ಪ್ರದರ್ಶಿಸುತ್ತಿದ್ದೀರಿ ಎಂದು ಅವಳಿಗೆ ಇಂಗ್ಲಿಷಿನಲ್ಲಿ ನೋಟೀಸು ಕಳಿಸಿದ್ದರು. ತಾವೇ ಅಳಿಸಿ ಹಾಕಿದ ಆಸ್ತಿ! ಅದನ್ನು ಅವನ ಮುಖಕ್ಕೇ ಹೇಳಿದಳು. ಅವನು ಕಿವಿ ಹಿಡಿದುಕೊಂಡ. “ತಪ್ಪಾಗೇತ್ರಿ ಅಕ್ಕಾರ. ಬೆಂಗಳೂರಿನವರಿಗೆ ನಮ್ಮ ಮಂದಿ ಬೆಲಿ ಎಲ್ಲಿ ತಿಳೀತೈತಿ?”

ನಮ್ಮ ಮಂದಿ ಎಂದನಲ್ಲ, ಅಲ್ಲಿಗೆ ಅವಳು ಕರಗಿದಳು. ನಮ್ಮ ಕಡೆಯವರ ದೌರ್ಬಲ್ಯವೇ ಅದು. ಎದುರಿಗೆ ಕೂತವನು ಬಾಯ್ತುಂಬ ರೀ ಹಚ್ಚಿ ಮಾತಾಡಿ ಒಂದು ಬಟ್ಟಲು ಚಹಾ ಕುಡಿದನೆಂದರೆ, ಅವನ ಹತ್ತಿರ ಬರೆಸಿಕೊಳ್ಳುವುದು ಮರ್ಯಾದೆಗೇಡು ಎಂದುಕೊಳ್ಳುತ್ತೇವೆ. ಅವಳೂ ಏನೂ ಬರೆಸಿಕೊಳ್ಳಲಿಲ್ಲ, ಏನೂ ಕೇಳಲಿಲ್ಲ, ಒಂದು ಮಾತಿನ ಹೊರತು.

“ನೂರಜಹಾನ ಆಪಾನ್ನ ಮುಂದಿನ ಸಾಲಿನ್ಯಾಗ ಕುಂದರಿಸಬೇಕು. ಅವರ ದನಿ ಅವರ ಮುಂದ, ಇಡೀ ಸಭಾಕ್ಕ ಕೇಳಸಬೇಕು.”

“ನೀವು ಹೇಳಿದ್ಹಂಗ ಆಗಲ್ರಿ ಅಕ್ಕಾರ” ಎಂದು ಅವನು ತುಣುಕು ಪಡೆದು ಹೋದ.

ನೂರಜಹಾನಳನ್ನು ಒಪ್ಪಿಸುವುದು ಇಷ್ಟು ಸುಲಭವಾಗಲಿಲ್ಲ. ಹಳೇ ಹುಬ್ಬಳ್ಳಿಯ ಮನೆಯಲ್ಲಿ ಅವಳು ತಲೆಯಲ್ಲಾಡಿಸುತ್ತಲೇ ಇದ್ದಳು. ಕೊನೆಗೆ ಯಂತ್ರ ಒತ್ತಿಕೊಂಡು, “ಮಾತಾಡಂದ್ರ ಏನ್ಮಾಡ್ಲಿ ರಾಜಿ?” ಎಂದಳು.

“ನೀವು ಮಾತಾಡೂದೇನೂ ಇಲ್ರಿ ಆಪಾ. ನಿಮ್ಮ ದನೀನ ಮಾತಾಡತೈತಿ. ನೀವು ಸುಮ್ನ ಕುಂತು ಕೇಳ್ರಿ.”

ನೂರಜಹಾನ ಪಕ್ಕದಲ್ಲಿದ್ದ ಬುಶ್ರಾಳ ಮುಖ ನೋಡಿದಳು. “ಮಂದಿಗೆ ನೆನಪ ಐತೇನ?” ಎಂದು ಕೇಳಿದಳು. ಐತಿ ಎಂದಳು ರಾಜೇಶ್ವರಿ. ಆಮೇಲೆ ಯಾವ ಸೀರೆ ಉಡಬೇಕೆಂಬ ಮಾತು ಬಂತು. ಬುಶ್ರಾ ಟ್ರಂಕು ತೆಗೆದಳು.

ಹಬ್ಬದ ದಿನ ಸಭಾಭವನ ಕಿಕ್ಕಿರಿದಿತ್ತು. ಕಾರ್ಯಕ್ರಮ ನೇರಪ್ರಸಾರ. ನೂರಜಹಾನ ಹಸಿರು ಇಳಕಲ್ಲು ಸೀರೆ ಉಟ್ಟು, ಕುತ್ತಿಗೆಗೆ ತೆಳು ದುಪಟ್ಟಾ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಒಂದು ಪಕ್ಕ ಬುಶ್ರಾ, ಇನ್ನೊಂದು ಪಕ್ಕ ರಾಜೇಶ್ವರಿ. ಹಿಂದಿನ ಸಾಲುಗಳಿಂದ ಹೆಂಗಸರು ಎದ್ದು ಬಂದು ಅವಳ ಕೈ ಹಿಡಿದು ಹೋಗುತ್ತಿದ್ದರು. ಅವಳು ನಗುತ್ತ ತಲೆಯಾಡಿಸುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳು ಹೀಗೆ ನಕ್ಕದ್ದನ್ನು ಕಂಡು ರಾಜೇಶ್ವರಿಗೆ ಶಿವಯೋಗೀಶನ ಮೇಲೂ ಪ್ರೀತಿ ಬಂದುಬಿಟ್ಟಿತು.

ದೀಪಗಳು ಆರಿದವು. ಪರದೆಯ ಮೇಲೆ ನೀಲಿ ಬಟ್ಟೆ, ಅದರ ಮುಂದೆ ತರುಣಿ ನೂರಜಹಾನ. ಸಭೆ ಹೋ ಎಂದಿತು. ಪರದೆಯ ನೂರಜಹಾನ ಬಾಯಿ ತೆರೆದಳು.

“ನಮಸ್ಕಾರ ವೀಕ್ಷಕರೇ. ನಿಮ್ಮ ನೆಚ್ಚಿನ ಪಡಸಾಲೆಗೆ ತಮಗೆಲ್ಲರಿಗೂ ಆತ್ಮೀಯ ಸ್ವಾಗತ.”

ಯಾವುದೋ ಎಳೆಯ, ನುಣುಪು ದನಿ. ಪರದೆಯ ನೂರಜಹಾನ ಬಾಯಿ ಮುಚ್ಚಿದರೂ ಆ ದನಿ ಇನ್ನೂ ಸ್ವಾಗತಿಸುತ್ತಲೇ ಇತ್ತು. ಕಾಗದ ಹಾರುವುದನ್ನು ಕತ್ತರಿಸಿದ್ದರು. ನಗುವನ್ನೂ ಕತ್ತರಿಸಿದ್ದರು. ಹಿಂದಿನಿಂದ ಒಂದಿಷ್ಟು ಚಪ್ಪಾಳೆ ಬಿತ್ತು, ಮುಂದಿನವರು ಮುಖಮುಖ ನೋಡಿಕೊಂಡರು. ರಾಜೇಶ್ವರಿ ಪಕ್ಕಕ್ಕೆ ತಿರುಗಿದಳು. ನೂರಜಹಾನ ಪರದೆ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ, ಎರಡೂ ಕೈಗಳಿಂದ ಕುತ್ತಿಗೆಯ ದುಪಟ್ಟಾವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ರಾಜೇಶ್ವರಿಯ ನೆತ್ತಿಗೇರಿತು. ವೇದಿಕೆಯ ಪಕ್ಕ ಕಿವಿಗೆ ವೈರು ಸಿಕ್ಕಿಸಿಕೊಂಡು ನಿಂತಿದ್ದ ಶಿವಯೋಗೀಶನ ಎದುರಿಗೆ ಹೋಗಿ ನಿಂತಳು.

“ಇದು ಯಾರ ದನಿ?”

“ಮೇಡಂ, ದಯವಿಟ್ಟು ಸ್ವಲ್ಪ ಅರ್ಥ ಮಾಡ್ಕೊಳ್ಳಿ. ಒರಿಜಿನಲ್ ಆಡಿಯೋ ಕ್ಲೀನ್ ಇರಲಿಲ್ಲ.”

ಪೇಢೆ ತಂದ ದಿನ ಅಕ್ಕಾರ, ಇಂದು ಮೇಡಂ. ಕೆಳಗೆ ಕೂತಾಗ ಒಂದು ನಾಲಿಗೆ, ಕೋಟು ಹಾಕಿ ನಿಂತಾಗ ಇನ್ನೊಂದು.

“ಸುಳ್ಳು ಹೇಳಬ್ಯಾಡ. ಆ ಟೇಪ ನಾನ ಇಳಿಸೇನಿ. ಒಂದೊಂದು ಅಕ್ಷರ ಕೇಳತೈತಿ.”

ಅವನು ಅತ್ತಿತ್ತ ನೋಡಿ ದನಿ ಇಳಿಸಿದ. “ಮೇಡಂ, ಇಡೀ ರಾಜ್ಯ ನೋಡ್ತಿದೆ. ಆ ಭಾಷೆ ಹಾಕಿದ್ರೆ ಜನ ಕಾಮಿಡಿ ಅಂದ್ಕೋತಾರೆ. ಅವರ ಗೌರವಕ್ಕೇ ಚೇಂಜ್ ಮಾಡಿದ್ದು.”

ಗೌರವಕ್ಕಂತೆ! ಧಾರಾವಾಹಿಯಲ್ಲಿ ಅಡಿಗೆಯವಳಿಗೆ, ರೌಡಿಗೆ, ಪೆದ್ದನಿಗೆ ನಮ್ಮ ಮಾತು ಹಚ್ಚಿ ನಗಿಸುವವರೂ ಇವರೇ, ಜನ ನಗುತ್ತಾರೆಂದು ಅದನ್ನು ಅಳಿಸುವವರೂ ಇವರೇ. ಅವನ ಕೊರಳಪಟ್ಟಿ ಹಿಡಿಯಬೇಕೆಂದು ಅವಳ ಕೈ ತುರಿಸಿತು. ಮೊಬೈಲು ತೆಗೆದು ಹಿಡಿದಳು. “ಖರೇ ದನಿ ಇದರಾಗೈತಿ. ಈಗಿಂದೀಗ ಹಾಕು.”

“ಆಗಲ್ಲ ಮೇಡಂ. ಲೈವ್.”

ಅಷ್ಟರಲ್ಲಿ ವೇದಿಕೆಯ ಮೇಲಿನ ನಿರೂಪಕಿ, ಪಡಸಾಲೆಯ ಮೊದಲ ದನಿ ಶ್ರೀಮತಿ ನೂರಜಹಾನ ಅವರು ದಯವಿಟ್ಟು ಬರಬೇಕು ಎಂದು ಕರೆದಳು. ಬುಶ್ರಾ ಬೇಡಮ್ಮಾ, ಮನೆಗೆ ಹೋಗೋಣ ಎಂಬಂತೆ ತಾಯಿಯ ತೋಳು ಹಿಡಿದಳು. ನೂರಜಹಾನ ಕೈ ಬಿಡಿಸಿಕೊಂಡು ಎದ್ದಳು. ಮೆಟ್ಟಿಲು ಹತ್ತಿದಳು. ಶಾಲು ಬಿತ್ತು, ಹಾರ ಬಿತ್ತು, ಫಲಕ ಬಂತು. ಈಗ ಎರಡು ಮಾತು ಎಂದು ನಿರೂಪಕಿ ಮೈಕು ಮುಂದೆ ಹಿಡಿದಳು. ಮೊದಲ ದನಿ ಎಂದು ಬಾಯ್ತುಂಬ ಕರೆದವಳಿಗೆ ಆ ದನಿ ಈಗಿಲ್ಲವೆಂದು ಹೇಳುವ ಗೋಜಿಗೂ ಯಾರೂ ಹೋಗಿರಲಿಲ್ಲ.

ಕೆಳಗೆ ರಾಜೇಶ್ವರಿಗೆ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು. ಸುಮ್ಮನೆ ಕೂತು ಕೇಳಿರಿ ಎಂದು ಕರೆತಂದವಳು ತಾನೇ ಅಲ್ಲವೇ.

ನೂರಜಹಾನ ಫಲಕವನ್ನು ನಿರೂಪಕಿಯ ಕೈಗೇ ತಿರುಗಿ ಕೊಟ್ಟಳು. ಕೊರಳಿನ ಹಾರ ತೆಗೆದಳು, ದುಪಟ್ಟಾ ಸಡಿಲಿಸಿದಳು. ಸೆರಗಿನ ಮರೆಯಿಂದ ಯಂತ್ರ ತೆಗೆದು, ಅಷ್ಟೂ ಜನರ ಎದುರು, ಅಷ್ಟೂ ಕ್ಯಾಮೆರಾಗಳ ಎದುರು, ಕುತ್ತಿಗೆಗೆ ಒತ್ತಿ ಹಿಡಿದಳು. ಗುಂಯ್ ಎಂಬ ಸದ್ದು ಸಭಾಭವನದ ತುಂಬ ಹರಡಿತು. ಎಲ್ಲೋ ಯಾರೋ ಕಿಸಕ್ಕನೆ ನಕ್ಕು ಅಲ್ಲಿಗೇ ನಿಲ್ಲಿಸಿದರು.

“ಈಗ ಕೇಳಿದ್ರಲ್ಲ, ಅದು ನನ್ನ ದನಿ ಅಲ್ರಿ.”

ನೂರಜಹಾನ ಶಿವಯೋಗೀಶನ ಕಡೆ ತಿರುಗಿದಳು.

“ನನ್ನ ದನಿ ಡಾಕ್ಟರ್ ತಗದ್ರು. ಕೇಳಿ ತಗದ್ರು. ತಗೀಲಿಲ್ಲಂದ್ರ ನೀವು ಉಳಿಯೂದಿಲ್ಲವಾ ಅಂತ ಕೈ ಹಿಡದು ಹೇಳಿ ತಗದ್ರು. ಉಳದದ್ದು ಆ ಟೇಪಿನ್ಯಾಗ ಒಂದಿಷ್ಟಿತ್ತು. ನೀವು ಕೇಳಲಾರದ ತಗದ್ರಿ.”

ಅವಳು ಯಂತ್ರ ಇಳಿಸಿದಳು. ಶಿವಯೋಗೀಶ ಕೈಬೀಸಿ ಸನ್ನೆ ಮಾಡುತ್ತಿದ್ದ. ಅಷ್ಟರಲ್ಲಿ ಪರದೆಯ ಮೇಲೆ ಸಿಮೆಂಟಿನ ಜಾಹೀರಾತು ಬಂದಿತ್ತು. ಆದರೆ ಮಾತು ಮನೆಮನೆಗೆ ಹೋಗಿಯಾಗಿತ್ತು. ಸಭೆಯಲ್ಲಿ ಮೊದಲು ಎದ್ದವರು ಹಿಂದಿನ ಸಾಲಿನ ಹೆಂಗಸರು, ಆಮೇಲೆ ಎಲ್ಲರೂ. ಮುಖ್ಯ ಅತಿಥಿಯಾಗಿ ಬಂದಿದ್ದ ಮಂತ್ರಿಗಳು ಏಳಬೇಕೋ ಬೇಡವೋ ಎಂದು ಪಕ್ಕದವರನ್ನು ಕೇಳುತ್ತಿದ್ದರು. ನೂರಜಹಾನ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು, ಬುಶ್ರಾಳ ಜೊತೆ ನೇರವಾಗಿ ಬಾಗಿಲ ಕಡೆ ನಡೆದಳು. ರಾಜೇಶ್ವರಿ ಹಿಂದೆಯೇ ಓಡಿದಳು.

ಮರುಪ್ರಸಾರದಲ್ಲಿ ಆ ಭಾಗವಿರಲಿಲ್ಲ. ಶಾಲು ಹೊದಿಸುವ ದೃಶ್ಯವಾದ ಮೇಲೆ ಶಹನಾಯಿ ಬಾರಿಸಿ ಮುಗಿಸಿದ್ದರು. ಆದರೆ ನವಾಜ ಹಿಂದಿನ ಸಾಲಿನಲ್ಲಿ ನಿಂತು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದ. ರಾಜೇಶ್ವರಿ ಅದನ್ನು ಹಿಡಿದು ನೂರಜಹಾನಳ ಮನೆಗೆ ಹೋಗಿ, ಏರಿಸಲೇ ಆಪಾ ಎಂದು ಕೇಳಿದಳು. ಅವಳು ಪೂರ್ತಿ ನೋಡಿ, ಏರಿಸು ಎಂದ ಮೇಲೆಯೇ, ಮೊದಲ ಸಂಜೆಯ ತುಣುಕಿನ ಕೆಳಗೆ ಅದನ್ನು ಹಾಕಿದಳು.

ವಾರದೊಳಗೆ ಶಿವಯೋಗೀಶನ ಫೋನು ಬಂತು. ಮೇಡಂ ಮಾಯವಾಗಿತ್ತು.

“ಅಕ್ಕಾರ, ಬೆಂಗಳೂರಿನವರು ನನ್ನ ಜೀವಾ ತಿನ್ನಾಕತ್ತಾರ್ರಿ. ಅದೊಂದು ತಗದು ಬಿಡ್ರಿ.”

“ನನ್ನ ಯಾಕ ಕೇಳತಿ? ದನಿ ಯಾರದೈತಿ ಅವರನ್ನ ಕೇಳು. ಅವರ ಮನಿಗೆ ಹೋಗಿ ಕೇಳು.”

“ಹೋಗಬಹುದ್ರಿ. ಆದ್ರ ಅವರು ಆ ಮಷೀನಿನ್ಯಾಗ ಮಾತಾಡಿದ್ರ ನನಗ ತಿಳಿಯೂದಿಲ್ರೀ ಅಕ್ಕಾರ.”

“ತಿಳಿಯೂತನಕಾ ಕುಂದ್ರು” ಎಂದು ರಾಜೇಶ್ವರಿ ಫೋನಿಟ್ಟಳು.