ಕೆಸರಿನ ಉಸಿರು ಹಿಡಿದ ಪೆಟ್ಟಿಗೆ

ನಾನು ಒಂದು ತಳವಿಲ್ಲದ ಪೆಟ್ಟಿಗೆ. ಹುಬ್ಬಳ್ಳಿಯ ನಾಮಫಲಕದ ಅಂಗಡಿಯೊಂದರಲ್ಲಿ ಗಾಜಿನಂಥ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಟಿಸಿ ನನ್ನನ್ನು ಮಾಡಿದರು. ಮೀನು ಸಾಕಲು ಇರಬೇಕು ಅಂದುಕೊಂಡಿದ್ದ ಕೆಲಸಗಾರ, ತಳ ಬೇಡವೆಂದಾಗ ತಲೆ ಕೆರೆದುಕೊಂಡ. ನನಗೂ ಆಗ ಏನೂ ಅರ್ಥವಾಗಿರಲಿಲ್ಲ.

ನನ್ನ ಕೆಲಸ ಹೊಲದ ಉಸಿರು ಹಿಡಿಯುವುದು. ಪೈರಿನ ಮೇಲೆ ನನ್ನನ್ನು ಬೋರಲು ಹಾಕುತ್ತಾರೆ. ಮಣ್ಣಿನಿಂದ ಏಳುವ ಅನಿಲ ಅರ್ಧ ಗಂಟೆ ನನ್ನೊಳಗೆ ತುಂಬಿಕೊಳ್ಳುತ್ತದೆ. ಆಮೇಲೆ ನೆತ್ತಿಯ ರಬ್ಬರ್ ಬಿರಡೆಗೆ ಸಿರಿಂಜ್ ಚುಚ್ಚಿ ಅದನ್ನು ಎಳೆದುಕೊಳ್ಳುತ್ತಾರೆ. ಭೂಮಿಯ ಬಿಸಿ ಏರಿಸುವ ಅನಿಲ ಯಾವ ಸೀಮೆಯ ಬೇಸಾಯದಿಂದ ಎಷ್ಟು ಬರುತ್ತದೆ ಎಂದು ಹೋಲಿಸಲು ಇಷ್ಟೆಲ್ಲ. ಅರ್ಧ ಗಂಟೆ ಸುಮ್ಮನಿರುವುದೆಂದರೆ ನನ್ನಂಥ ಚಡಪಡಿಕೆಯವನಿಗೆ ಶಿಕ್ಷೆಯೇ.

ಮೊದಲು ವಿಜಯಪುರದ ಜೋಳದ ಹೊಲ. ಅಲ್ಲಿ ನನ್ನೊಳಗೆ ಬಂದದ್ದು ಅಷ್ಟಕ್ಕಷ್ಟೇ. ಆಮೇಲೆ ಗಂಗಾವತಿ ಕಡೆಗೆ, ಕಾಲುವೆಯ ಕೊನೆಯಲ್ಲಿದ್ದ ಹುಲುಗಪ್ಪನ ಭತ್ತದ ಗದ್ದೆಗೆ ಬಂದೆ. ಅಳೆಯುವವಳು ಶಿವಲೀಲಾ, ಸಂಶೋಧನಾ ಕೇಂದ್ರದ ಸಹಾಯಕಿ. ಅವಳು ಹಲಗೆಯ ಮೇಲೆಯೇ ನಿಲ್ಲುತ್ತಿದ್ದಳು. ಕೆಸರು ತುಳಿದರೆ ಅದರಲ್ಲಿ ಅಡಗಿದ ಅನಿಲದ ಗುಳ್ಳೆಗಳೆಲ್ಲ ಒಮ್ಮೆಲೇ ಎದ್ದು ಅಳತೆ ಕೆಡುತ್ತದೆ. ಮನೆಮಗಳಂಥವಳು ಕಿರಿದಾದ ಹಲಗೆಯ ಮೇಲೆ ಓಲಾಡುವುದನ್ನು ಹುಲುಗಪ್ಪನಿಂದ ನೋಡಲಾಗಲಿಲ್ಲ. ಧೋತರ ಎತ್ತಿಕಟ್ಟಿ ಕೆಸರಿಗಿಳಿದು, ನನ್ನನ್ನು ಎರಡೂ ಕೈಯಿಂದ ಹಿಡಿದು ನಿಂತ. ಹಿರಿಯರಿಗೆ ದೂರ ಸರಿಯಿರಿ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಬುಳುಬುಳು ಗುಳ್ಳೆಗಳು ನನ್ನೊಳಗೆ ನುಗ್ಗಿದವು. ಇದು ಸುಳ್ಳು ಎಂದು ಕೂಗಬೇಕೆನಿಸಿತು, ಬಾಯಿ ಎಲ್ಲಿದೆ? ಇಡೀ ಹಂಗಾಮು ಹೀಗೇ ನಡೆಯಿತು.

ಕೋಷ್ಟಕದಲ್ಲಿ ಹುಲುಗಪ್ಪನ ಗದ್ದೆ ಎಲ್ಲಕ್ಕಿಂತ ಮೇಲೆ ಬಂತು. ಊರ ಸಭೆಯಲ್ಲಿ ಅಧಿಕಾರಿಗಳು ಅವನ ಹೆಸರು ಹಿಡಿದೇ, ಅನಿಲ ಇಳಿಯಬೇಕಾದರೆ ನಡುನಡುವೆ ನೀರು ಬಿಡುವುದನ್ನು ನಿಲ್ಲಿಸಿ ಗದ್ದೆ ಒಣಗಿಸಬೇಕು ಎಂದರು. ಕಾಲುವೆಯ ಕೊನೆಯವನಿಗೆ, ಒಣಗಿಸಿದ ಗದ್ದೆಗೆ ಮತ್ತೆ ನೀರು ಬರುವ ಖಾತ್ರಿ ಎಲ್ಲಿ? ಅವನು ತಲೆ ತಗ್ಗಿಸಿ ಕೂತ. ತೋರಿಸಲೆಂದು ಮೇಜಿನ ಮೇಲಿಟ್ಟಿದ್ದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಶಿವಲೀಲಾ ಎದ್ದು ನಿಂತಳು. "ತಪ್ಪು ನಂದು ಸರ್. ಕಾಕಾ ಕೆಸರಾಗ ನಿಂತಿದ್ರು, ನಾನು ಸರೀರಿ ಅನ್ನಲಿಲ್ಲ. ಆ ಅಂಕಿ ಖರೇ ಅಲ್ಲ."

ಒಂದು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅವಳು ಚೆನ್ನಾಗಿ ಬೈಸಿಕೊಂಡಳು. ಮರುವರ್ಷ ಮತ್ತೆ ಅಳೆದಳು. ಹುಲುಗಪ್ಪ ಬದುವಿನ ಮೇಲೇ ಕೂತ. ಅಂಕಿ ಮೂರನೇ ಒಂದು ಪಾಲಿಗೆ ಇಳಿಯಿತು. ಆದರೂ ಜೋಳಕ್ಕಿಂತ ಬಹಳ ಹೆಚ್ಚು. ಅದನ್ನೂ ಅವಳು ಅವನಿಂದ ಮುಚ್ಚಿಡಲಿಲ್ಲ.

ಹುಲುಗಪ್ಪ ಎದ್ದು ಗದ್ದೆಯ ಸುತ್ತ ಒಮ್ಮೆ ನಡೆದು ಬಂದ. ಆಮೇಲೆ, "ಖರೇ ಇದ್ರ ಖರೇನ. ಮೂಲ್ಯಾಗಿನ ಮಡಿ ಒಂದು ಒಣಗಸ್ತೀನಿ ಯವ್ವಾ, ನೋಡೂಣು," ಎಂದ.

ಬದುಗಳ ನಡುವಿನ ಆ ಸಣ್ಣ ಮಡಿ ಒಣಗಿತು. ಸರದಿಯ ದಿನ ಕಾಲುವೆಗೆ ನೀರು ಬರಲಿಲ್ಲ. ಮರುದಿನವೂ ಇಲ್ಲ. ಶಿವಲೀಲಾ ನನ್ನನ್ನು ಬದುವಿನ ಮೇಲೆ ಬಿಟ್ಟುಹೋಗಿದ್ದರಿಂದ ಎಲ್ಲವನ್ನೂ ನೋಡಿದೆ. ಅವನು ಕಾಲುವೆಗೂ ಮಡಿಗೂ ಅಲೆದ, ನೆಲದ ಬಿರುಕಿಗೆ ಬೆರಳು ತೂರಿಸಿ ನೋಡಿದ, ಉಣ್ಣಲೂ ಮನೆಗೆ ಹೋಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನೀರು ಬಂತು. ಪೈರು ಉಳಿಯಿತು. ಆ ಮಡಿಯ ಅನಿಲ ಅರ್ಧಕ್ಕೆ ಇಳಿಯಿತು.

ಈಗ ನಾನು ಸೀಳು ಬಿಟ್ಟು, ಕೇಂದ್ರದ ಉಗ್ರಾಣದ ಮೂಲೆಯಲ್ಲಿ ಬಿದ್ದಿದ್ದೇನೆ. ಎದುರಿನ ಗೋಡೆಗೆ ಹೊಸ ಕೋಷ್ಟಕ ಅಂಟಿಸಿದ್ದಾರೆ. ವಿಜಯಪುರದ ಅಂಕಿ ಇದೆ, ಗಂಗಾವತಿಯದಿದೆ, ಒಣಗಿಸಿದ ಮಡಿಯದೂ ಇದೆ. ಎಲ್ಲ ನಾನೇ ಹಿಡಿದವು, ಎಲ್ಲ ಸರಿಯಾಗಿವೆ. ಹುಲುಗಪ್ಪನ ಆ ಮೂರು ದಿನ ಮಾತ್ರ ಅದರಲ್ಲಿ ಎಲ್ಲೂ ಇಲ್ಲ. ಹುಡುಕುತ್ತಲೇ ಇದ್ದೇನೆ.