ಉಪ್ಪು ಮುಟ್ಟದ ಉಪವಾಸ

ನಾರ್ವ ಊರಿನ ಪೆಂಟಮ್ಮನ ಭಾನುವಾರದ ಉಪವಾಸ ಓಣಿಗೆಲ್ಲ ಗೊತ್ತು. ಎದ್ದೊಡನೆ ಲೋಟದ ತುಂಬ ಸಕ್ಕರೆ ಚಹಾ, ಹತ್ತು ಗಂಟೆಗೆ ನಾಲ್ಕು ಬಾಳೆಹಣ್ಣು, ಮಧ್ಯಾಹ್ನ ಬೆಲ್ಲ ಹಾಕಿದ ಶೇಂಗಾ ಉಂಡೆ, ಸಂಜೆ ಕುರಿಯ ಹಾಲು. ಇಷ್ಟಾದ ಮೇಲೂ ಯಾರಾದರೂ ಊಟದ ಸುದ್ದಿ ತೆಗೆದರೆ, "ಎಲ್ಲಿ ಊಟ ತಾಯಿ, ಉಪ್ಪಿನ ಹರಳು ಮುಟ್ಟಿಲ್ಲ, ಉಪಾಸ ಐತಿ" ಎಂದು ನಿಟ್ಟುಸಿರು ಬಿಡುವಳು. ಉಪ್ಪು ಬಿದ್ದದ್ದು ಊಟ, ಬೀಳದ್ದು ಬರೀ ಬಾಯಾಟ. ಅತ್ತೆ ಕುರುಮಮ್ಮನ ಹುಕುಂ ಅದು. ಅತ್ತೆ ಸತ್ತು ಇಪ್ಪತ್ತು ವರ್ಷವಾದರೂ ಹುಕುಂ ಸತ್ತಿರಲಿಲ್ಲ.

ಈ ಸಲದ ಹರಕೆ ಮಾತ್ರ ಹುಡುಗಾಟವಲ್ಲ. ಗಂಡ ಬೀರಲಿಂಗಪ್ಪ ಕುರಿಯ ಹಿಂದೆ ಓಡಿ, ಹೊಲದ ಒಡ್ಡಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಎಲುಬು ಕೂಡಿದೆ, ಇನ್ನು ನಡೆಯಬಹುದು ಎಂದು ಮಕ್ತಲಿನ ಡಾಕ್ಟರು ಹೇಳಿ ಎರಡು ತಿಂಗಳು ದಾಟಿತ್ತು. ಮುದುಕ ಮಂಚ ಬಿಡಲೊಲ್ಲ. ಕಾಲು ಊರಿದರೆ ಮತ್ತೆ ಮುರಿದೀತೆಂಬ ಹೆದರಿಕೆ. ಹೇಳಿ ಹೇಳಿ ಬಾಯಿ ಸೋತ ಪೆಂಟಮ್ಮ, ಇವರು ಎದ್ದು ನಡೆಯಲಿ ಎಂದು ಮೈಲಾರನಿಗೆ ಒಂಬತ್ತು ಭಾನುವಾರದ ಉಪವಾಸ ಹೊತ್ತಳು. ಎಂಟು ಮುಗಿದವು. ಮುದುಕ ಮಿಸುಕಲಿಲ್ಲ.

ಒಂಬತ್ತನೆಯದರ ಹಿಂದಿನ ದಿನ, ಹತ್ತನೇ ಕ್ಲಾಸಿನ ಮೊಮ್ಮಗಳು ಅಖಿಲಾ ವಿಜ್ಞಾನ ಓದುತ್ತಾ ಓದುತ್ತಾ ತಲೆ ಎತ್ತಿದಳು.

"ಆಯಿ, ಮೈಯಾಗ ಹೋಗಿ ಶಕ್ತಿ ಕೊಟ್ರ ಅದು ಆಹಾರ. ಸಕ್ಕರಿ, ಬೆಲ್ಲ, ಶೇಂಗಾ, ಹಾಲು, ಎಲ್ಲಾ ಆಹಾರನ. ಉಪ್ಪಿನಾಗ ಶಕ್ತಿ ಚೂರೂ ಇಲ್ಲ."

"ಏನಂದಿ?"

"ಮೈಗೆ ಉಪ್ಪು ಬೇಕು, ಖರೆ. ಆದ್ರ ಬರೇ ಉಪ್ಪು ತಿಂದು ಒಂದು ಹೆಜ್ಜಿ ನಡಿಯಾಕ ಆಗಂಗಿಲ್ಲ. ನೀ ಬಿಟ್ಟಿದ್ದು ಅದೊಂದ. ಉಳಿದದ್ದೆಲ್ಲಾ ತಿಂದಿ!"

ಪೆಂಟಮ್ಮ ಬೆರಳು ಮಡಚಿ ವಾರ ಎಣಿಸಿದಳು. ಅಯ್ಯೋ ಶಿವನೇ, ಎಂಟು ವಾರ ದೇವರಿಗೇ ಟೋಪಿ ಹಾಕಿದೆನೇ? ಅದಕ್ಕೇ ಇವರು ಏಳಲಿಲ್ಲವೇ? ಮೊಮ್ಮಗಳ ಮೇಲೆ ಸಿಟ್ಟು, ಅತ್ತೆಯ ಮೇಲೆ ಅದಕ್ಕಿಂತ ಸಿಟ್ಟು. "ಮುದುಕಿ, ನೀ ಹೊಟ್ಟಿ ತುಂಬ ತಿನ್ನಾಕ ಮಾಡಿದ ಕಾನೂನು ಇದು!" ಎಂದು ಗೋಡೆಯ ಮೇಲಿನ ಫೋಟೋಗೆ ಬೈದಳು.

ಮರುದಿನ ಚಹಾ ಇಲ್ಲ, ಹಣ್ಣಿಲ್ಲ, ಬರೀ ನೀರು. ಬೆಲ್ಲದ ಡಬ್ಬಿ ನೋಡಿದರೂ ಶಕ್ತಿ ಬಂದೀತೆಂದು ಮುಖ ತಿರುಗಿಸಿದಳು. ಮಟಮಟ ಮಧ್ಯಾಹ್ನ ಅಂಗಳದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುವಾಗ ಕಣ್ಣು ಕತ್ತಲಿಟ್ಟು ಧೊಪ್ಪೆಂದು ಬಿದ್ದಳು. ಅಖಿಲಾ ನೀರಿಗೆ ಹೋಗಿದ್ದಳು. ಮನೆಯಲ್ಲಿದ್ದವನು ಮುದುಕನೊಬ್ಬನೇ.

ಕಣ್ಣು ಬಿಟ್ಟಾಗ ಯಾರೋ ತಲೆ ಎತ್ತಿ ಹಿಡಿದಿದ್ದರು. ತುಟಿಗೆ ತಂಬಿಗೆ, ಬಾಯಿಗೆ ಹುಳಿ ಹುಳಿ ಜೋಳದ ಅಂಬಲಿ. ಎರಡು ಗುಟುಕು ಇಳಿದ ಮೇಲೆ ನಾಲಿಗೆಗೆ ಗೊತ್ತಾಯಿತು.

"ಉಪ್ಪು!" ಎಂದು ಚೀರಿದಳು. "ಹಾಳಾತು ನನ್ನ ಹರಕಿ! ಯಾರು ಕುಡಿಸಿದ್ರಿ?"

"ನಾನ. ಸುಮ್ನ ಕುಡಿ" ಎಂದ ಬೀರಲಿಂಗಪ್ಪ. "ನನ್ನ ಜೀವಾನ ಹೋದಂಗಾತು, ಪೆಂಟಿ."

ಪೆಂಟಮ್ಮ ಪಡಸಾಲೆಯ ಮಂಚ ನೋಡಿದಳು. ಖಾಲಿ. ಮಂಚದಿಂದ ಒಲೆಯ ತನಕ, ಒಲೆಯಿಂದ ಅಂಗಳದ ತನಕ ಕಣ್ಣಲ್ಲೇ ದಾರಿ ಅಳೆದಳು. ಅಳುವೂ ಬಂತು, ನಗುವೂ ಬಂತು.

ಅಷ್ಟರಲ್ಲಿ ಕೊಡ ಹೊತ್ತು ಬಂದ ಅಖಿಲಾ ಗಾಬರಿಯಾಗಿ ಎಲ್ಲ ಕೇಳಿ ತಿಳಿದುಕೊಂಡಳು. ತಿಳಿದ ಮೇಲೆ ಸುಮ್ಮನಿರಬೇಕಲ್ಲ?

"ನೋಡಿದ್ಯಾ ಆಯಿ? ಅಂಬಲಿ ಹೊಟ್ಟಿಗೆ ಬಿತ್ತು, ಶಕ್ತಿ ಬಂತು. ನಾ ಹೇಳಿದ್ದು ಖರೆ ಆತಿಲ್ಲೋ?"

"ಆತವ್ವ, ಆತು. ಆದ್ರ ಅಂಬಲಿ ಕುಡಿದಾಕಿ ನಾನು. ಎದ್ದು ನಡೆದಾವ್ರು ಇವ್ರು, ಒಂದು ಹನಿ ಕುಡಿದಿಲ್ಲ. ಇದನ್ನ ನಿನ್ನ ಪುಸ್ತಕದಾಗ ಎಲ್ಲಿ ಬರದಾರ, ತೆಗಿ ನೋಡೋಣು."