ಅಮ್ಮನ ಬೆರಳ ಟೊಪ್ಪಿ

ಅಮ್ಮ ಹೋದ ಮೇಲೂ ಅಮ್ಮನ ಮುದ್ದು ಪುಟ್ಟಿಗೇ ಸಿಗಬೇಕೆ? ನನ್ನ ಹೊಟ್ಟೆ ಸುಮ್ಮನೆ ಉರಿದದ್ದಲ್ಲ.

ಪುಟ್ಟಿ ನನ್ನ ತಂಗಿ. ತಲೆ ನರೆತರೂ ಎಲ್ಲರಿಗೂ ಪುಟ್ಟಿಯೇ. ಯಾರದ್ದಾದರೂ ಬೀಗದ ಕೈಯೋ ಬಾಚಣಿಗೆಯೋ ಕೊಟ್ಟರೆ ಅಂಗೈಯಲ್ಲಿ ಮುಚ್ಚಿಕೊಂಡು, ಅದನ್ನು ಬಳಸಿದವರ ಮನಸ್ಸಿನಲ್ಲಿ ಏನಿತ್ತೆಂದು ಹೇಳುತ್ತಾಳೆ. ಜನ ಅವಳ ಮನೆಯ ಮೆಟ್ಟಿಲ ಮೇಲೆ ಕಾದು ಕೂರುತ್ತಾರೆ. ನನ್ನ ಬಳಿಗೂ ಜನ ಬರುತ್ತಾರೆ, ಹರಿದ ಜೇಬು, ಕೆಟ್ಟ ಜಿಪ್ಪು ಹಿಡಿದುಕೊಂಡು. ಅವುಗಳನ್ನು ನೋಡಿ ನಾನು ಹೇಳುವ ಭವಿಷ್ಯ ಒಂದೇ, 'ಗುರುವಾರ ಬನ್ನಿ.'

ಹೊಲಿಗೆ ಅಂಗಡಿ ಅಮ್ಮನದು. ಅವಳು ಕತ್ತರಿಸುತ್ತಿದ್ದಳು, ನಾನು ಹೊಲಿಯುತ್ತಿದ್ದೆ. ಅವಳ ಕಣ್ಣು ಮಂಜಾದ ಮೇಲೆ ಕತ್ತರಿಸುವುದೂ ನನ್ನ ಪಾಲಿಗೇ ಬಂತು. ಅವಳು ಹಾಸಿಗೆ ಹಿಡಿದಾಗ ತುತ್ತು ತಿನ್ನಿಸಿದ್ದು, ತಲೆ ಬಾಚಿದ್ದು, ಬೈಸಿಕೊಂಡದ್ದು ಎಲ್ಲ ನಾನೇ. ಅಷ್ಟು ವರ್ಷದಲ್ಲಿ ಒಮ್ಮೆಯಾದರೂ 'ಚೆನ್ನಾಗಿ ಹೊಲ್ದಿದೀಯ ಕಣೇ' ಎಂದವಳಲ್ಲ. ಹೊಲಿಗೆಯನ್ನು ಹಿಂದುಮುಂದು ತಿರುಗಿಸಿ ನೋಡಿ 'ಹ್ಞೂಂ' ಅನ್ನುವಳು. ಆ 'ಹ್ಞೂಂ'ನಲ್ಲಿ ಏನಿತ್ತು ಎನ್ನುವುದೊಂದೇ ನನಗೆ ಬೇಕಿತ್ತು.

ಅಮ್ಮನ ಸಾಮಾನು ಹಂಚಿಕೊಳ್ಳಲು ಅಂಗಡಿಯಲ್ಲಿ ಸೇರಿದ್ದೆವು. ಚಿಕ್ಕಮ್ಮ ಅಮ್ಮನ ಕತ್ತರಿಯನ್ನು ಪುಟ್ಟಿಯ ಕೈಗಿಟ್ಟು, 'ಅಕ್ಕನ ಮನಸ್ಸಲ್ಲಿ ಏನಿತ್ತು ನೋಡೇ' ಅಂದಳು.

ಪುಟ್ಟಿ ಕಣ್ಣು ಮುಚ್ಚಿದಳು. 'ಬಟ್ಟೆ ಕತ್ತರಿಸ್ತಾ ನನ್ನನ್ನೇ ನೆನಸ್ಕೋತಿದಾಳೆ. ಪುಟ್ಟಿ ಊಟ ಮಾಡಿದ್ಲೋ ಇಲ್ವೋ ಅಂತ.'

ಕನ್ನಡಕ ಕೊಟ್ಟರು. 'ಇದ್ರಲ್ಲೂ ನಾನೇ. ಬಾಗಿಲ ಕಡೆ ನೋಡ್ತಿದಾಳೆ, ಈಗ ಬರ್ತೀನಿ, ಆಗ ಬರ್ತೀನಿ ಅಂತ.'

ಚಿಕ್ಕಮ್ಮ ಕಣ್ಣೊರೆಸಿಕೊಂಡಳು.

'ನನ್ನ ಬಗ್ಗೆ?' ಎಂದೆ.

'ಏನೂ ಕಾಣ್ತಿಲ್ಲ ಅಕ್ಕ,' ಅಂದಳು ಪುಟ್ಟಿ, ಅಯ್ಯೋ ಪಾಪ ಎನ್ನುವ ದನಿಯಲ್ಲಿ.

ಆ ಅಯ್ಯೋ ಪಾಪಕ್ಕೆ ನನ್ನ ಮೈಯೆಲ್ಲ ಉರಿದುಹೋಯಿತು. ನೆಂಟರ ಹಾಗೆ ಬಂದು ಹೋಗುತ್ತಿದ್ದವಳು ಕತ್ತರಿಯಲ್ಲೂ ಇದ್ದಾಳಂತೆ, ಕನ್ನಡಕದಲ್ಲೂ ಇದ್ದಾಳಂತೆ. ಪಕ್ಕದಲ್ಲೇ ಸವೆದವಳು ಎಲ್ಲೂ ಇಲ್ಲವಂತೆ! ಇವಳ ಬಣ್ಣ ಬಯಲು ಮಾಡದಿದ್ದರೆ ನಾನು ದರ್ಜಿಯ ಮಗಳೇ ಅಲ್ಲ ಅಂದುಕೊಂಡೆ.

ಎಲ್ಲರೂ ಕಾಫಿಗೆಂದು ಒಳಗೆ ಹೋದಾಗ ಅಮ್ಮನ ಸೂಜಿಡಬ್ಬಿ ತೆರೆದೆ. ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿಕೊಳ್ಳುವ ಅವಳ ಹಿತ್ತಾಳೆಯ ಟೊಪ್ಪಿ ಅದರಲ್ಲಿತ್ತು. ಜೊತೆಯಲ್ಲೇ ಕೊಂಡ ನನ್ನದು ಮಿಷನ್ನಿನ ಮೇಲಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಅಮ್ಮನಿಗೂ ನನಗೂ ಅಲ್ಲದೆ ಬೇರೆಯವರಿಗೆ ಗುರುತು ಸಿಗದು. ಅವಳದನ್ನು ಜೇಬಿಗೆ ಹಾಕಿಕೊಂಡು ನನ್ನದನ್ನು ಡಬ್ಬಿಯಲ್ಲಿಟ್ಟೆ.

'ಪುಟ್ಟೀ, ಇದು ಅಮ್ಮನ ಬೆರಳು ಬಿಟ್ಟು ಇರ್ತಾನೇ ಇರ್ಲಿಲ್ಲ. ಇದನ್ನೂ ಒಂದು ನೋಡಮ್ಮ,' ಎಂದು ಎಲ್ಲರೂ ವಾಪಸು ಬಂದ ಮೇಲೆ ಡಬ್ಬಿಯಿಂದ ತೆಗೆದು ನಯವಾಗಿ ಕೊಟ್ಟೆ. ಅವಳು ಮತ್ತೆ ಊಟ, ಬಾಗಿಲು ಎಂದು ರಾಗ ಎಳೆದ ಕೂಡಲೇ ಎಲ್ಲರೆದುರು ಹಿಡಿದುಹಾಕಲು ತುದಿಗಾಲಲ್ಲಿ ನಿಂತಿದ್ದೆ.

ಟೊಪ್ಪಿಯನ್ನು ಮುಷ್ಟಿಯಲ್ಲಿ ಹಿಡಿದ ಪುಟ್ಟಿಯ ಮುಖ ಬಾಡಿತು.

'ಅಮ್ಮಂಗೆ ನನ್ನ ಕಂಡ್ರೆ ಆಗ್ತಿರ್ಲಿಲ್ಲ,' ಅಂದಳು ಮೆಲ್ಲಗೆ. 'ಇವಳ್ಯಾವಾಗ ಎದ್ದು ಹೋಗ್ತಾಳೋ ಅಂತ ಕಾಯ್ತಿದಾಳೆ. ನಾನು ನಕ್ಕರೆ ಸೂಜೀನ ಜೋರಾಗಿ ಒತ್ತಾಳೆ. ನಾನು ಹುಟ್ಟಲೇಬಾರದಿತ್ತಂತೆ.' ಅವಳ ಕೆನ್ನೆ ಮೇಲೆ ನೀರಿಳಿಯಿತು.

ಅವಳು ನಕ್ಕಾಗ ನಾನು ಸೂಜಿ ಒತ್ತುವುದು ನನಗೊಬ್ಬಳಿಗೇ ಗೊತ್ತಿದ್ದ ಸಂಗತಿ.

ಸುಮ್ಮನಿದ್ದಿದ್ದರೆ ಮುಗಿದೇ ಹೋಗುತ್ತಿತ್ತು. ಅಮ್ಮನಿಗೆ ತಾನು ಬೇಡವಾಗಿದ್ದೆ ಎಂದುಕೊಂಡೇ ಅವಳು ಮನೆಗೆ ಹೋಗುತ್ತಿದ್ದಳು. ಒಂದು ಗಳಿಗೆ ಅದು ನನಗೆ ಹಿತವಾಗಿಯೂ ಇತ್ತು, ಸುಳ್ಳೇಕೆ? ಆದರೆ ನನ್ನ ವಿಷ ಅಮ್ಮನ ತಲೆಗೆ ಬರುವುದು ನನ್ನಿಂದ ನೋಡಲಾಗಲಿಲ್ಲ.

'ಅದು ಅಮ್ಮಂದಲ್ಲ, ನಂದು,' ಎಂದು ಜೇಬಿನಿಂದ ಅಮ್ಮನದನ್ನು ತೆಗೆದು ತೋರಿಸಿದೆ.

ಚಿಕ್ಕಮ್ಮ ಗೊಳ್ಳೆಂದು ನಕ್ಕಳು. 'ಸಿಕ್ಕಿಬಿದ್ಯಲ್ಲೇ ಪುಟ್ಟಿ! ಇವಳ ಟೊಪ್ಪೀಲೂ ಅಮ್ಮನ್ನೇ ಕಂಡ್ಯಾ? ಇಷ್ಟು ದಿನ ನಮ್ಮ ಕಿವಿ ಮೇಲೆ ಹೂವಿಟ್ಟೆಯಲ್ಲ!'

ಪುಟ್ಟಿ ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಗಿತ್ತು. 'ನಾನು ಓದಿದ್ದು ಸರಿ, ಅದು ಅಕ್ಕನ ಮನಸ್ಸು' ಎಂದಿದ್ದರೆ ಅವಳ ಮಾನ ಉಳಿದು ನನ್ನದು ಹೋಗುತ್ತಿತ್ತು.

'ಹೌದು ಚಿಕ್ಕಮ್ಮ, ಎಲ್ಲಾ ಬಾಯಿಗೆ ಬಂದಿದ್ದು ಹೇಳ್ತಿದ್ದೆ,' ಅಂದಳು.

ಒಳ್ಳೆಯತನದಲ್ಲೂ ಅವಳದೇ ಮೇಲುಗೈ! ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಎಲ್ಲರೂ ಹೋದ ಮೇಲೆ ಪುಟ್ಟಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಓಡಿಹೋಗಿ ಅಮ್ಮನ ಟೊಪ್ಪಿಯನ್ನು ಅವಳ ಕೈಗೆ ತುರುಕಿದೆ. 'ಒಂದ್ಸಲ ನೋಡೇ. ಅಮ್ಮ ನನಗೆ ಹ್ಞೂಂ ಅಂತಿದ್ಲಲ್ಲ, ಅದು...'

ಅವಳ ಬೆರಳುಗಳು ಅದರ ಮೇಲೆ ಮುಚ್ಚಿಕೊಂಡವು. ಮುಖದಲ್ಲಿ ಏನೋ ಸುಳಿಯಿತು. ಆಮೇಲೆ ಟೊಪ್ಪಿಯನ್ನು ನನ್ನ ಅಂಗೈಗೇ ವಾಪಸು ಇಟ್ಟಳು.

'ಹೇಳೇ. ನಂಬ್ತೀನಿ.'

'ಇಲ್ಲ ಅಕ್ಕ. ಒಳ್ಳೇದು ಹೇಳಿದ್ರೆ ಕರುಣೆ ತೋರಿಸಿದ್ಲು ಅಂತೀಯ. ಕೆಟ್ಟದ್ದು ಹೇಳಿದ್ರೆ ಸೇಡು ತೀರಿಸ್ಕೊಂಡ್ಲು ಅಂತೀಯ.' ಮೆಟ್ಟಿಲಿಳಿದು ಹೊರಟೇಹೋದಳು.

ಗುರುವಾರಕ್ಕೆ ಕೊಡಬೇಕಾದ ಪ್ಯಾಂಟಿನ ಅಂಚು ಬಾಕಿಯಿತ್ತು. ಅಮ್ಮನ ಟೊಪ್ಪಿ ಹಾಕಿಕೊಂಡು ಕೂತೆ. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಕಣ್ಣು ಬಾಗಿಲ ಕಡೆಗೆ ಹೋಯಿತು. ತಿರುಗಿಸಿಕೊಂಡೆ, ಮತ್ತೆ ಹೋಯಿತು. ನೋಡಿ, ಈಗ ನಾನೂ ಪುಟ್ಟಿಗೇ ಕಾಯಬೇಕಾಗಿ ಬಂತು.